ಕದ್ರಿಯವರ ಸ್ಯಾಕ್ಸೋಫೋನು, ನಮ್ಮ ಕಡೆಯ ವಾಲಗ

ಒಳ್ಳೆಯ ಲಗ್ನವಿರುವ ದಿನ ಕೋಲಾರದಲ್ಲೋ ಮಾಲೂರಿನಲ್ಲೋ ಮುಳಬಾಗಿಲಿನಲ್ಲೋ ಶ್ರೀನಿವಾಸಪುರದಲ್ಲೋ ಎರಡು ಮೂರು ಚೌಲ್ಟ್ರಿ ಸುತ್ತಿದರೆ, ಒಂದರಲ್ಲಾದರೂ ಆರತಕ್ಷತೆಗೆ ಸ್ಯಾಕ್ಸೋಫೋನ್ ಇಡಿಸಿರುತ್ತಾರೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ವಾದ್ಯ ಅದು. ಫ್ರಾನ್ಸಿನ ಮಿಲಿಟರಿ ಬ್ಯಾಂಡುಗಳು ಮೊದಲು ಅದನ್ನು ಬಳಕೆಗೆ ತಂದವು. ಅಂಥದ್ದು ಆಂಧ್ರದ ಗಡಿಯ ಈ ತಾಲ್ಲೂಕುಗಳಿಗೆ ಬಂದು ಹಂಸಧ್ವನಿಯ ಗಣಪತಿ ಸ್ತುತಿಯನ್ನೂ ಅನ್ನಮಾಚಾರ್ಯರ ಕೀರ್ತನೆಯನ್ನೂ ನುಡಿಸುತ್ತಿದೆ ಎಂದರೆ, ಅದರ ಹಿಂದೆ ಇರುವುದು ಹೆಚ್ಚುಕಮ್ಮಿ ಒಬ್ಬರೇ ಕಲಾವಿದರ ಜೀವಮಾನದ ದುಡಿಮೆ. ಕದ್ರಿ ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡಾಗ ಬಂದ ಬರಹಗಳಲ್ಲೆಲ್ಲ ಒಂದೇ ಹೊಗಳಿಕೆ: ವಿದೇಶಿ ವಾದ್ಯವನ್ನು ಪಳಗಿಸಿದವರು. ಪಳಗಿಸಿದ್ದು ನಿಜ. ಆದರೆ ಯಾವ ವಿದ್ಯೆಯ ಬಲದಿಂದ ಪಳಗಿಸಿದರು, ಅದರಿಂದ ಅವರಿಗೆ ದಕ್ಕಿದ್ದೇನು, ನಮ್ಮಂಥ ಊರುಗಳಿಗೆ ದಾಟಿದ್ದೇನು ಎಂದು ಆ ಹೊಗಳಿಕೆ ಕೇಳುವುದಿಲ್ಲ.

ಉತ್ತರದ ಅರ್ಧ ಅವರ ಮನೆಯಲ್ಲೇ ಇದೆ. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಗೋಪಾಲನಾಥರ ತಂದೆ ತನಿಯಪ್ಪನವರು ನಾದಸ್ವರ ವಿದ್ವಾಂಸರು. ಮಗ ಮೊದಲು ಊದಿದ್ದು ಅದೇ ನಾದಸ್ವರವನ್ನು, ಕಲಿತದ್ದು ಅಪ್ಪನ ಬಳಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದದ್ದು ಆಮೇಲಿನ ಮಾತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಬಳಿಕ ಮದರಾಸಿನಲ್ಲಿ ಗಾಯಕರೂ ಮೃದಂಗ ವಿದ್ವಾಂಸರೂ ಆದ ಟಿ.ವಿ. ಗೋಪಾಲಕೃಷ್ಣನ್ ಗುರುಗಳಾದರು. ವಾದ್ಯ ಕೈಗೆ ಬರಲು ಸುಮಾರು 20 ವರ್ಷ ಹಿಡಿಯಿತು. 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರ ಜೊತೆ ಕೂತು ನುಡಿಸಿದ ಮೇಲೆ ಹೆಸರು ಹಬ್ಬಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿ, 2004ರಲ್ಲಿ ಪದ್ಮಶ್ರೀ. (ಇದೇ ಆಲ್ಬರ್ಟ್ ಹಾಲಿನಲ್ಲಿ 1950ರ ಮೇ 22ರಂದು ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದಾಗ, ಅದರ ಖರ್ಚಿಗೆ ಜಾಮೀನು ನಿಂತವರು ಜಯಚಾಮರಾಜ ಒಡೆಯರ್. ಬಂಟ್ವಾಳದ ಹುಡುಗನಿಗೆ ಸ್ಯಾಕ್ಸೋಫೋನ್ ಹುಚ್ಚು ಹಿಡಿಸಿದ್ದು ಆ ಅರಮನೆಯದೇ ಬ್ಯಾಂಡು.)

ಇಪ್ಪತ್ತು ವರ್ಷ ಯಾಕೆ ಬೇಕಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಾದಸ್ವರ ಮರದ ಕೊಳವೆ, ಕೀಲಿಗಳಿಲ್ಲ. ಏಳು ರಂಧ್ರಗಳ ಮೇಲೆ ಬೆರಳು ನೇರವಾಗಿ ಕೂರುತ್ತದೆ, ಅರ್ಧ ಮುಚ್ಚಬಹುದು, ಕಾಲು ತೆರೆಯಬಹುದು, ಉಸಿರಿನ ಒತ್ತಡವನ್ನು ಏರಿಸಿ ಇಳಿಸಿ ಸ್ವರವನ್ನು ಜಗ್ಗಬಹುದು. ತೋಡಿಯ ಗಾಂಧಾರ ನಡುಗಬೇಕಾದರೆ ಬೆರಳು ರಂಧ್ರದ ಅಂಚಿನಲ್ಲೇ ನಡುಗುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ, ಕಂಬಿ, ಸ್ಪ್ರಿಂಗು, ಚರ್ಮದ ಪ್ಯಾಡು. ಒತ್ತಿದರೆ ಮುಚ್ಚಿತು, ಬಿಟ್ಟರೆ ತೆರೆಯಿತು. ಎರಡು ಸ್ವರಗಳ ನಡುವಿನ ಜಾಗವನ್ನು ಜಿಗಿದು ದಾಟಲೆಂದೇ ಮಾಡಿದ ಯಂತ್ರ ಅದು. ಕರ್ನಾಟಕ ಸಂಗೀತದ ಜೀವವಿರುವುದು ಸರಿಯಾಗಿ ಆ ನಡುವಿನ ಜಾಗದಲ್ಲಿ. ಗೋಪಾಲನಾಥರು ಇದಕ್ಕೆ ಕಂಡುಕೊಂಡ ಉಪಾಯ ಕೀಲಿಗಳಿಗಿಂತ ಹೆಚ್ಚಾಗಿ ಬಾಯಲ್ಲಿತ್ತು. ಕೆಳದುಟಿಯನ್ನು ರೀಡಿನ ಮೇಲೆ ಸಡಿಲಿಸಿ ಬಿಗಿಯುವುದು, ದವಡೆಯನ್ನು ಕೂದಲೆಳೆಯಷ್ಟು ಇಳಿಸುವುದು, ಬೆರಳನ್ನು ಕೀಲಿಯಿಂದ ಥಟ್ಟನೆ ಎತ್ತದೆ ನಿಧಾನವಾಗಿ ಬಿಡುವುದು. ಅವರ ಧ್ವನಿಮುದ್ರಿಕೆಗಳಲ್ಲಿ ವಿಳಂಬದ ಆಲಾಪನೆ ಹಾಕಿಕೊಂಡು ಕೇಳಿ. ಷಡ್ಜದಿಂದ ಕೆಳಗಿಳಿಯುವಾಗ ಸ್ವರ ಮೆಟ್ಟಿಲಿಳಿಯುವುದಿಲ್ಲ, ಜಾರುತ್ತದೆ. ಜಾರಿ ನಿಂತ ಕಡೆ ಒಂದು ಸಣ್ಣ ತೂಗು ಇರುತ್ತದೆ. ಅದು ನಾದಸ್ವರದವರ ತೂಗು. ಸಾಕ್ಷಾತ್ ತನಿಯಪ್ಪನವರ ಮನೆಯ ಉಸಿರು ಹಿತ್ತಾಳೆಯ ಮೂಲಕ ಹೊರಬಂದಂತೆ. ಜಾಝ್ ವಾದಕರೂ ಸ್ವರವನ್ನು ಬಾಗಿಸುತ್ತಾರೆ ಎಂದು ವಾದಿಸುವವರಿದ್ದಾರೆ. ಬಾಗಿಸುತ್ತಾರೆ, ಆದರೆ ಅಲ್ಲಿ ಅದು ಅಲಂಕಾರ. ಇಲ್ಲಿ ಅದಿಲ್ಲದಿದ್ದರೆ ರಾಗವೇ ಇಲ್ಲ.

ಈ ವಾದ್ಯ ಎಲ್ಲ ರಾಗಕ್ಕೂ ಸಮನಾಗಿ ಒಲಿಯುವುದಿಲ್ಲ ಎಂಬುದೂ ಅವರಿಗೆ ಚೆನ್ನಾಗಿ ಗೊತ್ತಿತ್ತು ಎನಿಸುತ್ತದೆ. 1994ರ ತಮಿಳು ಚಿತ್ರ 'ಡ್ಯುಯೆಟ್'ನಲ್ಲಿ ಎ.ಆರ್. ರೆಹಮಾನ್ ಅವರಿಗಾಗಿ ನುಡಿಸಿದ ಕಲ್ಯಾಣ ವಸಂತವನ್ನೇ ತೆಗೆದುಕೊಳ್ಳಿ. ಕೀರವಾಣಿಯ ಜನ್ಯ, ಆರೋಹಣದಲ್ಲಿ ರಿಷಭ ಪಂಚಮಗಳಿಲ್ಲ. ಹತ್ತುವಾಗ ದೊಡ್ಡ ದೊಡ್ಡ ಹೆಜ್ಜೆ, ಅದಕ್ಕೆ ಕೀಲಿಗಳು ಅನುಕೂಲ. ಇಳಿಯುವಾಗ ಏಳೂ ಸ್ವರ, ಅಲ್ಲಿ ತುಟಿಯ ಕೆಲಸ. ವಾದ್ಯದ ಬಲವನ್ನೂ ವಾದಕನ ಬಲವನ್ನೂ ಹೀಗೆ ಒಂದೇ ರಾಗದಲ್ಲಿ ಹಂಚಿಕೊಡುವ ಆಯ್ಕೆ ಸಾಮಾನ್ಯದ್ದಲ್ಲ. ಶಾಸ್ತ್ರೀಯ ಕಛೇರಿಯ ಮೆಟ್ಟಿಲು ಹತ್ತದ ಜನಕ್ಕೂ ಸ್ಯಾಕ್ಸೋಫೋನ್ ಎಂದರೆ ಕದ್ರಿ ಎಂದಾದದ್ದು ಈ ಚಿತ್ರದಿಂದಲೇ. ತಮಿಳು, ತೆಲುಗು ಸಿನಿಮಾ ಹಾಡುಗಳು ಕನ್ನಡದಷ್ಟೇ ಓಡಾಡುವ ನಮ್ಮ ಜಿಲ್ಲೆಯಲ್ಲಂತೂ ಹೌದು.

ಹಾಗೆಂದು ಅವರ ಕಛೇರಿಗಳೆಲ್ಲ ಇದೇ ಎತ್ತರದಲ್ಲಿರಲಿಲ್ಲ. ದೊಡ್ಡ ಸಭೆ ಕಂಡರೆ ವೇಗದ ಆಸೆ. ಪಿಟೀಲಿನ ಎ. ಕನ್ಯಾಕುಮಾರಿ ಅವರೊಂದಿಗಿನ ಕಲ್ಪನಾಸ್ವರಗಳು ಮೊದಲ ಕೆಲವು ಆವರ್ತನಗಳಲ್ಲಿ ಸಂಭಾಷಣೆ, ಆಮೇಲೆ ಪಂದ್ಯ. ಶೀಘ್ರಗತಿಯಲ್ಲಿ ಕೀಲಿಗಳು ಯಜಮಾನಿಕೆ ವಹಿಸಿಕೊಂಡುಬಿಡುತ್ತವೆ, ಜಾರುವ ಸ್ವರ ಮತ್ತೆ ಜಿಗಿಯತೊಡಗುತ್ತದೆ. ಚಪ್ಪಾಳೆ ಬೀಳುತ್ತಿದ್ದದ್ದು ಮಾತ್ರ ಅಲ್ಲೇ. ಕೊನೆಯ ತುಕ್ಕಡಗಳಲ್ಲಿ ಜನಕ್ಕೆ ಗೊತ್ತಿದ್ದದ್ದನ್ನೇ ಕೊಡುವ ಉದಾರತನ ಮಿತಿಮೀರುತ್ತಿತ್ತು. ಅವರನ್ನು ವಾಗ್ಗೇಯಕಾರರೆಂದು ನೆನೆಯುವಂತಿಲ್ಲ. ಅವರ ರಚನಾಶಕ್ತಿಯೆಲ್ಲ ಆಲಾಪನೆಯ ಮನೋಧರ್ಮದಲ್ಲಿ ಖರ್ಚಾಯಿತು, ಅದನ್ನು ಕೊರತೆ ಎನ್ನಲು ನನಗೆ ಮನಸ್ಸಿಲ್ಲ.

2008ರಲ್ಲಿ ಬಂದ 'ಕಿನ್ಸ್‌ಮೆನ್' ಆಲ್ಬಮ್ಮು ಈ ವೇಗದ ಪ್ರಶ್ನೆಗೆ ಅನಿರೀಕ್ಷಿತ ಉತ್ತರ ಕೊಡುತ್ತದೆ. ರುದ್ರೇಶ್ ಮಹಾಂತಪ್ಪ, ಹೆಸರಿನಲ್ಲೇ ಕರ್ನಾಟಕ ಹೊತ್ತ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ. ಕಾಲೇಜಿನ ದಿನಗಳಲ್ಲಿ ಅಣ್ಣ ತಮಾಷೆಗೆಂದು ಕೊಟ್ಟ ಗೋಪಾಲನಾಥರ ಧ್ವನಿಮುದ್ರಿಕೆಯಿಂದ ಅವರಿಗೆ ಇವರ ಪರಿಚಯ. ಆಲ್ಬಮ್ಮಿನಲ್ಲಿ ಇಬ್ಬರದೂ ಆಲ್ಟೊ ಸ್ಯಾಕ್ಸೋಫೋನು. ಆದರೂ ಯಾರದು ಯಾವುದು ಎಂದು ಅರೆನಿಮಿಷದಲ್ಲಿ ತಿಳಿಯುತ್ತದೆ. ಧಾವಂತವನ್ನು ಕಿರಿಯರು ಹೊತ್ತುಕೊಂಡಿರುವುದರಿಂದ ಹಿರಿಯರಿಗೆ ಓಡಬೇಕಾದ ಹಂಗಿಲ್ಲ, ನಿಂತು ಊದುತ್ತಾರೆ. ಅವರ ಅತ್ಯುತ್ತಮ ವಾದನದ ಕೆಲವು ಭಾಗ ಒಂದು ಜಾಝ್ ಆಲ್ಬಮ್ಮಿನಲ್ಲಿ ಸಿಗುತ್ತದೆ ಎಂದರೆ ಸಂಪ್ರದಾಯಸ್ಥರು ಮುಖ ಸಿಂಡರಿಸಬಹುದು. ಕೇಳಿ ಹೇಳಲಿ.

ಉತ್ತರದ ಉಳಿದರ್ಧ ಮರ್ಯಾದೆಯ ವಿಷಯ. ವಾಲಗ ಊದುವವರು ಮಂಗಳಕಾರ್ಯಕ್ಕೆ ಅನಿವಾರ್ಯ, ಆದರೆ ಅವರಿಗೆ ಹಾಕುವ ಜಮಖಾನೆ ಮೂಲೆಯಲ್ಲಿ. ತಮಿಳುನಾಡಿನಲ್ಲಿ ಟಿ.ಎನ್. ರಾಜರತ್ನಂ ಪಿಳ್ಳೈ ತಮಗೂ ಗಾಯಕರ ಸಮಾನ ಗೌರವ ಬೇಕೆಂದು ಹಟ ಹಿಡಿದು ಪಡೆದರು. ಎಲ್ಲರೂ ರಾಜರತ್ನಂ ಆಗಲು ಸಾಧ್ಯವೇ? ನಾದಸ್ವರದವರ ಮಗ ಸ್ಯಾಕ್ಸೋಫೋನ್ ಹಿಡಿದಾಗ ಸಭೆಯ ನಡುವೇದಿಕೆ, ಎಡಬಲದಲ್ಲಿ ಪಿಟೀಲು ಮೃದಂಗ, ಮುಂದೆ ಲಂಡನ್ನು ಎಲ್ಲ ತೆರೆದುಕೊಂಡವು. ತಂದೆಯ ವಾದ್ಯ ಬಿಟ್ಟುದಕ್ಕೆ ಸಿಕ್ಕ ಸ್ಥಾನದಲ್ಲಿ ಕೂತು, ಅವರು ಜೀವಮಾನವಿಡೀ ತಂದೆಯ ವಾದ್ಯವನ್ನೇ ನುಡಿಸಿದರು. ಇದು ಅವರ ವೃತ್ತಿಜೀವನದ ವಿಚಿತ್ರ, ನನ್ನ ಮಟ್ಟಿಗೆ ಅದೇ ಅದರ ಘನತೆ ಕೂಡ.

ನಮ್ಮ ತಾಲ್ಲೂಕುಗಳಿಗೆ ಬಂದು ಮುಟ್ಟಿದ್ದು ಆ ಸ್ಥಾನವೇ ಹೊರತು ಆ ಉಸಿರಲ್ಲ. ಇದಕ್ಕೆ ಊದುವವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ನಾದಸ್ವರ ಬಯಲಿನ ವಾದ್ಯ. ಚಿಕ್ಕತಿರುಪತಿಯ ರಥದ ಮುಂದೆ, ಕುರುಡುಮಲೆಯ ಪ್ರಾಕಾರದಲ್ಲಿ ಊದಿದರೆ ಅದಕ್ಕೆ ಅಳತೆಯಾಗುತ್ತದೆ. ಚೌಲ್ಟ್ರಿಯ ತಗಡಿನ ಚಾವಣಿಯಡಿ, ಮೈಕಿನ ಮುಂದೆ ಊದಿದರೆ ನೆಂಟರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಸ್ಯಾಕ್ಸೋಫೋನಿನ ಬಾಯಿಗೆ ಒಂದು ಮೈಕು ಸಿಕ್ಕಿಸಿ ಸದ್ದು ತಗ್ಗಿಸಬಹುದು, ಫೋಟೋದಲ್ಲಿ ಹೊಳೆಯುತ್ತದೆ. ನಾದಸ್ವರಕ್ಕೆ ಜೋಡಿ ಊದುವವರು, ಶ್ರುತಿ, ಡೋಲು, ತಾಳ ಎಂದು ಒಂದು ಮೇಳವೇ ಬೇಕು, ಇಲ್ಲಿ ಕೀಬೋರ್ಡಿನ ಹುಡುಗನೊಬ್ಬ ಸಾಕು. ದೇವಸ್ಥಾನಗಳಲ್ಲೋ, ಮಹಾಮಂಗಳಾರತಿಗೆ ಸ್ವಿಚ್ಚು ಒತ್ತಿದರೆ ನಗಾರಿ, ಗಂಟೆ, ಜಾಗಟೆ ಮೂರನ್ನೂ ಬಾರಿಸುವ ಯಂತ್ರ ಬಂದು ಕೂತಿದೆ. ಇದೇ ನೆಲದ ಇನ್ನೊಂದು ವಾದ್ಯ ತಮಟೆ, ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಂದ 2023ರಲ್ಲಿ ಪದ್ಮಶ್ರೀಯವರೆಗೆ ಹೋಯಿತು. ಅದಕ್ಕಾಗಿ ಅವರು ಬೇರೆ ವಾದ್ಯ ಹಿಡಿಯಬೇಕಾಗಲಿಲ್ಲ.

ಕೀಬೋರ್ಡಿನಿಂದ ಸ್ವರ ಕಲಿತು ಸ್ಯಾಕ್ಸೋಫೋನಿಗೆ ಬಂದವರನ್ನು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸಿನಿಮಾ ಹಾಡು ಅಚ್ಚುಕಟ್ಟು, ಮೋಹನವೂ ಹಂಸಧ್ವನಿಯೂ ಪರವಾಗಿಲ್ಲ. ಮುಖಾರಿ, ಸಹಾನ ಎಂದರೆ ಸ್ವರಗಳೆಲ್ಲ ಸರಿ, ರಾಗ ಮಾತ್ರ ನಾಪತ್ತೆ. ನಮ್ಮ ಕಡೆ ಇವತ್ತಿಗೂ ಕಿವಿಗೊಟ್ಟು ಕೇಳಬೇಕೆನಿಸುವ ಸ್ಯಾಕ್ಸೋಫೋನು ಇರುವುದು ವಾಲಗದ ಮನೆಗಳವರ ಕೈಯಲ್ಲೇ. ಬೆಳಿಗ್ಗೆ ಪುರೋಹಿತರು ಕೈಯೆತ್ತಿದೊಡನೆ ಗಟ್ಟಿಮೇಳಕ್ಕೆ ನಾದಸ್ವರ ಊದುವ ಮನುಷ್ಯನೇ ಎಷ್ಟೋ ಮದುವೆಗಳಲ್ಲಿ ಸಂಜೆ ಕೋಟು ಹಾಕಿಕೊಂಡು ಸ್ಯಾಕ್ಸೋಫೋನ್ ಹಿಡಿದು ವೇದಿಕೆಯಲ್ಲಿರುತ್ತಾನೆ. ಅದೇ ತುಟಿ, ಅದೇ ಎದೆ. ಬೆಳಗಿನ ಊದಿಗೆ ಕೊಡುವುದು ತಾಂಬೂಲದ ಜೊತೆಗಿಟ್ಟ ದಕ್ಷಿಣೆ, ಸಂಜೆಯದಕ್ಕೆ ಮುಂಗಡ ಕೊಟ್ಟು ಗೊತ್ತುಮಾಡಿದ ಸಂಭಾವನೆ.