ಜೂಜುಗಾರನ ‘ನಾಳೆ’

ವ್ಯಸನ ಎಂದೊಡನೆ ನಮ್ಮ ಮನಸ್ಸು ಮದ್ಯದಂಗಡಿಯತ್ತ ಹರಿಯುತ್ತದೆ. ದೇಹದೊಳಗೆ ಏನನ್ನೂ ಇಳಿಸದ ಜೂಜನ್ನು ಕೆಟ್ಟ ಚಾಳಿಯೆಂದು ಬೈಯುತ್ತೇವೆಯೇ ಹೊರತು ಕಾಯಿಲೆಯೆಂದು ಬಗೆಯುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘವೂ ತನ್ನ ಕೈಪಿಡಿಯಲ್ಲಿ ಜೂಜಿನ ಗೀಳನ್ನು ಮಾದಕ ವಸ್ತುಗಳ ವ್ಯಸನದೊಂದಿಗೆ ಒಂದೇ ಅಧ್ಯಾಯಕ್ಕೆ ತಂದದ್ದು 2013ರಲ್ಲಿ. ಅವೆರಡರ ಈ ನಂಟನ್ನು ರಷ್ಯದ ದಸ್ತಯೇವ್‌ಸ್ಕಿಯವರು 1866ರ ‘ಜೂಜುಗಾರ’ ಕಾದಂಬರಿಯಲ್ಲೇ ಕಂಡಿದ್ದರು.

ಕಾಣದಿರಲು ಹೇಗೆ ಸಾಧ್ಯ? ಅವರೇ ರೂಲೆಟ್ ಮೇಜಿನ ದಾಸರು. ಸಾಲದ ಇಕ್ಕಟ್ಟಿನಲ್ಲಿ ಪ್ರಕಾಶಕನೊಬ್ಬನಿಗೆ ಬರೆದುಕೊಟ್ಟ ಕರಾರಿಗಾಗಿ, ಶೀಘ್ರಲಿಪಿ ಬಲ್ಲ ಆನ್ನಾ ಎಂಬ ಯುವತಿಗೆ ಹೇಳಿ ಬರೆಸಿ, 26 ದಿನಗಳಲ್ಲಿ ಕೃತಿಯನ್ನು ಮುಗಿಸಿದರು. ಮರುವರ್ಷ ಆಕೆಯನ್ನೇ ಮದುವೆಯಾದರು. ವ್ಯಸನದ ಒಳಹೊರಗನ್ನು ಇಷ್ಟು ಬಲ್ಲವರು ಜೂಜನ್ನು ಬಿಟ್ಟದ್ದು ಮಾತ್ರ 1871ರಲ್ಲಿ! ತಿಳಿವಳಿಕೆಯ ಭಾಷಣಗಳಲ್ಲೇ ತೃಪ್ತರಾಗುವ ನನ್ನಂಥವರು ಇದನ್ನು ಗಮನಿಸಬೇಕು.

ಕಥಾನಾಯಕ ಅಲೆಕ್ಸೇಯ್ ಒಬ್ಬ ಮನೆಪಾಠದ ಮೇಷ್ಟ್ರು. ಎರಡು ಕೋಣೆ ಆಚೆಯಿಂದ ನಾಣ್ಯಗಳ ಸದ್ದು ಕೇಳಿದರೂ ಅವನ ಮೈ ಸೆಟೆದುಕೊಳ್ಳುತ್ತದೆ. ಆದರೆ ಒಂದೇ ರಾತ್ರಿಯಲ್ಲಿ ಗೆದ್ದ ಅಪಾರ ಹಣವನ್ನು ಪ್ಯಾರಿಸಿನಲ್ಲಿ ಹೆಣ್ಣೊಬ್ಬಳು ಉಡಾಯಿಸುವಾಗ ಅವನಿಗೆ ಸಂಕಟವೇ ಇಲ್ಲ. ಅವನಿಗೆ ಬೇಕಾದದ್ದು ಹಣವಲ್ಲ, ಚಕ್ರ ತಿರುಗುವ ಆ ಕ್ಷಣ. ಜೂಜನ್ನು ದುರಾಸೆ ಎಂದಷ್ಟೇ ಖಂಡಿಸುವ ನಮ್ಮ ಪ್ರಬೋಧನೆಗಳು ಗುರಿ ತಪ್ಪುವುದು ಇಲ್ಲಿಯೇ.

ಕೃತಿಯ ಜೀವವಿರುವುದು ಎಪ್ಪತ್ತೈದರ ಅಜ್ಜಿಯಲ್ಲಿ. ಗಾಲಿಕುರ್ಚಿಯಲ್ಲಿ ಬಂದ ಆಕೆ ಸೊನ್ನೆಯ ಮೇಲೆ ಹಣ ಕಟ್ಟಿ ಮೊದಲ ದಿನವೇ ಗೆಲ್ಲುತ್ತಾಳೆ. ಆ ಗೆಲುವೇ ಗಾಳ. ಆಮೇಲೆ ತಂದದ್ದೆಲ್ಲವನ್ನೂ ಕಳೆದುಕೊಂಡು, ಊರಿನ ಮರದ ದೇವಾಲಯವನ್ನು ಕಲ್ಲಿನಲ್ಲಿ ಕಟ್ಟಿಸುವ ಹರಕೆಯನ್ನು ನೆನೆದು ಹೊರಟುಹೋಗುತ್ತಾಳೆ. ಅದೇ ಮೇಜು, ಅದೇ ಮರುಳು. ಆಕೆಗೆ ಮರಳಲು ಒಂದು ಊರಿತ್ತು, ಮಾಡಲು ಒಂದು ಕೆಲಸವಿತ್ತು. ಅಲೆಕ್ಸೇಯ್‌ಗೆ ಇದ್ದದ್ದು ಪೊಲೀನಾಳ ಮೇಲಿನ ಮೋಹ. ಅದೂ ಇನ್ನೊಂದು ಬಗೆಯ ದಾಸ್ಯವೇ.

ಫ್ರೆಂಚರನ್ನೂ ಪೋಲರನ್ನೂ ಚಿತ್ರಿಸುವಲ್ಲಿ ಲೇಖಕರು ಸಣ್ಣವರಾಗುತ್ತಾರೆ. ರೂಲೆಟ್ ಇರುವುದೇ ರಷ್ಯನ್ನರಿಗಾಗಿ ಎಂಬ ಅಲೆಕ್ಸೇಯ್‌ನ ವಾದವನ್ನು ಜನಾಂಗದ ಒಳನೋಟವೆಂದು ಮೆಚ್ಚುವವರುಂಟು. ನನಗೆ ಅದು, ‘ನಮ್ಮ ವಂಶದಲ್ಲೇ ಕುಡಿತವಿದೆ ಸ್ವಾಮಿ’ ಎನ್ನುವವರ ನೆಪದಂತೆಯೇ ಕೇಳಿಸುತ್ತದೆ.

ಕೊನೆಗೆ ಆಂಗ್ಲ ಗೆಳೆಯ ಆಸ್ಟ್ಲಿ ಎದುರಾಗುತ್ತಾನೆ. ಜೂಜು ಬಿಡುವ ಭರವಸೆಯಿದ್ದಿದ್ದರೆ ಸಾವಿರ ಪೌಂಡ್ ಕೊಡುತ್ತಿದ್ದೆನೆಂದು ಹೇಳಿ, ಹತ್ತು ಚಿನ್ನದ ನಾಣ್ಯಗಳನ್ನಷ್ಟೇ ಕೊಡುತ್ತಾನೆ. ಎಲ್ಲವನ್ನೂ ನಾಳೆಗೆ ಮುಂದೂಡುವ ಅಲೆಕ್ಸೇಯ್ ಆ ಹತ್ತನ್ನೂ ತೆಗೆದುಕೊಳ್ಳುತ್ತಾನೆ.