ಕ್ಯಾನ್ವಾಸ್ ಗೋಡೆಯ ಸುಖ

ತುಂಗಭದ್ರೆಗೆ ಬ್ಯಾರೇಜ್ ಕಟ್ಟಿರುವ ಹಮ್ಮಿಗಿ ಸೀಮೆಯಲ್ಲಿ ಬಯಲಲ್ಲಿ ಮಲಗುವ ಮಾತೆತ್ತಿದರೆ ನೆನಪಾಗುವವರು ಕುರಿಗಾರರು. ಹೊಲದಲ್ಲಿ ಕುರಿ ತರುಬಿ, ಕಂಬಳಿ ಹೊದ್ದರೆ ಆಯಿತು. ಅದೇ ಬಯಲ ನಿದ್ದೆಗೆ ಮಂಚ, ಬಿಸಿನೀರು ಸೇರಿಸಿ ದುಬಾರಿ ಮಾಡಿದ್ದು ಆಫ್ರಿಕಾದ ಸಫಾರಿ ಶಿಬಿರಗಳು. ‘ಸಫಾರಿ’ ಸ್ವಾಹಿಲಿ ಮಾತು. ಅರಬ್ಬಿಯ ‘ಸಫರ್’ನಿಂದ ಬಂದದ್ದು, ಪಯಣ ಎಂದರ್ಥ.

ಕರ್ನಾಟಕದಲ್ಲಿ ಆ ಸೊಗಸು ನೋಡಬೇಕೆಂದರೆ ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಗುಡಿಗೆ ಹೋಗಬೇಕು. 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆ ಅಲ್ಲಿ ಡೇರೆಗಳನ್ನು ನಿಲ್ಲಿಸಿದೆ. ಪಕ್ಕದಲ್ಲೇ ಮೈಸೂರು ಮಹಾರಾಜರ ಬೇಟೆ ಬಂಗಲೆ.

ಇಂಥ ಡೇರೆಯ ಜಾಣತನವೆಲ್ಲ ಮಾಡಿನಲ್ಲಿದೆ. ಒಳಗಿನ ಕ್ಯಾನ್ವಾಸಿನ ಮೇಲೆ ಗೇಣಷ್ಟು ಬಿಟ್ಟು ಇನ್ನೊಂದು ಹೊದಿಕೆ. ನಡುವೆ ಗಾಳಿ ಆಡುವುದರಿಂದ ಬಿಸಿಲು ನೇರ ಇಳಿಯದು, ಮಳೆಯೂ ಸೋರದು. ಬಟ್ಟೆಯ ಗೋಡೆಗೆ ಕಾಡಿನ ಸದ್ದು ತಡೆಯಲಾಗದು. ದುಡ್ಡು ಕೊಡುವುದೇ ಆ ಸದ್ದಿಗೆ!

ಹಮ್ಮಿಗಿ ಸೀಮೆಗೇ ಮರಳಿದರೆ, ಅಲ್ಲಿನ ಮುಂಡರಗಿ ಕಡೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬಗಳ ಆ ಕುರುಚಲು ಗುಡ್ಡದ ಅಂಚಿಗೆ ಕಾಂಕ್ರೀಟ್ ರೆಸಾರ್ಟಿಗಿಂತ ನಾಲ್ಕು ಡೇರೆಗಳೇ ಒಪ್ಪುತ್ತವೆ.