ನಾಮ ನೋಡಿ, ಆಮೇಲೆ ಕಾಲು ನೋಡಿ

ಕೆರೆಯ ಏರಿ ಮೇಲೆ ನಿಂತು, ನೀರಲ್ಲಿ ಕಪ್ಪಗೆ ತೇಲುವುದನ್ನೆಲ್ಲ ನೀರುಕೋಳಿ ಎಂದು ಕರೆದು ಮುಂದೆ ಹೋಗುವವರೇ ಹೆಚ್ಚು. ಹಕ್ಕಿ ನೋಡಲು ಈಗಷ್ಟೇ ಹೊರಟವರು ಅಲ್ಲಿ ಅರ್ಧ ಗಂಟೆ ಕೂರಬೇಕು. ಬೆಳಗಿನ ಹೊತ್ತು, ಬಿಸಿಲು ಬೆನ್ನಿಗಿರಲಿ. ಆ ಕಪ್ಪಿನಲ್ಲಿ ಎರಡು ಬೇರೆ ಬೇರೆ ಬದುಕುಗಳಿವೆ: ನಾಮದ ಕೋಳಿ ಮತ್ತು ಮೂರ್‌ಹೆನ್. ಒಂದೇ ಕುಟುಂಬದ ದಾಯಾದಿಗಳು.

ಮೊದಲು ಹಣೆ. ನಾಮದ ಕೋಳಿಯ ಮೈಯೆಲ್ಲ ಮಸಿ ಬಣ್ಣ. ಕೊಕ್ಕು ಮತ್ತು ಹಣೆ ಬೆಳ್ಳಗೆ. ಹೆಸರು ಬಂದದ್ದೇ ಈ ನಾಮದಿಂದ. ಮೂರ್‌ಹೆನ್‌ನ ಹಣೆ ಕುಂಕುಮಗೆಂಪು, ಕೊಕ್ಕಿನ ತುದಿ ಮಾತ್ರ ಹಳದಿ, ಪಕ್ಕೆಯುದ್ದಕ್ಕೂ ಬಿಳಿ ಗೆರೆ. ಆದರೆ ಕಂದು ಮೈಯ ಎಳೆಯ ಮೂರ್‌ಹೆನ್‌ಗೆ ಆ ಕೆಂಪು ಇನ್ನೂ ಬಂದಿರುವುದಿಲ್ಲ. ನಾಮವೊಂದನ್ನೇ ನೆಚ್ಚಿದರೆ ಸಾಲದು.

ಆದ್ದರಿಂದ ಕಾಲು ನೋಡಿ. ನಾಮದ ಕೋಳಿ ದಡಕ್ಕೆ ಹತ್ತಿದಾಗ ಬೆರಳುಗಳ ಗೆಣ್ಣುಗೆಣ್ಣಿಗೂ ಅಗಲ ಚರ್ಮದ ಹಾಳೆಗಳು ಕಾಣುತ್ತವೆ. ಕಾಲು ಹಿಂದಕ್ಕೆ ತಳ್ಳುವಾಗ ಅವು ಬಿಚ್ಚಿಕೊಂಡು ದೋಣಿಯ ಹುಟ್ಟಿನಂತೆ ನೀರು ಒತ್ತುತ್ತವೆ, ಮುಂದಕ್ಕೆ ತರುವಾಗ ಮಡಚಿಕೊಳ್ಳುತ್ತವೆ. ಅದಕ್ಕೇ ಅದು ನಡುನೀರಿನ ಹಕ್ಕಿ. ತಲೆಕೆಳಗಾಗಿ ಮುಳುಗಿ, ತಳದ ಗಿಡ ಕಿತ್ತುಕೊಂಡು, ಬೆಂಡಿನಂತೆ ಮೇಲೆ ಪುಟಿಯುತ್ತದೆ. ಹಾರಬೇಕಾದರೆ ನೀರ ಮೇಲೆ ಓಡಲೇಬೇಕು. ಆ ಪಟಪಟ ಸದ್ದು ಏರಿಯವರೆಗೂ ಕೇಳುತ್ತದೆ. ಚಳಿಗಾಲದಲ್ಲಿ ವಲಸೆ ಬಂದವೂ ಸೇರಿ ಹಿಂಡು ದೊಡ್ಡದಾಗುತ್ತದೆ. ಕಲಿಯಲು ಅದೇ ಒಳ್ಳೆಯ ಕಾಲ.

ಮೂರ್‌ಹೆನ್‌ನ ಬೆರಳುಗಳಿಗೆ ಹಾಳೆಗಳಿಲ್ಲ. ಉದ್ದಕ್ಕೆ, ತೆಳ್ಳಗೆ ಚಾಚಿವೆ. ಮೈಭಾರ ಹಂಚಿಕೊಂಡು ತಾವರೆ ಎಲೆಯ ಮೇಲೆ, ಅಂತರಗಂಗೆಯ ಮೇಲೆ ನಡೆಯಲು ಹೇಳಿ ಮಾಡಿಸಿದಂಥವು. ತೂಕವೂ ನಾಮದ ಕೋಳಿಯ ಸುಮಾರು ಅರ್ಧ. ಹೀಗಾಗಿ ಅದು ಜೊಂಡಿನ ಅಂಚು ಬಿಟ್ಟು ದೂರ ಹೋಗುವುದು ಕಡಿಮೆ. ಈಜಲು ಇಳಿದರೂ ಹೆಜ್ಜೆ ಹಾಕಿದಂತೆ ತಲೆಯನ್ನು ಮುಂದೆ ಮುಂದೆ ಆಡಿಸುತ್ತದೆ. ಮೊದಲ ಸಲದ ಮರಿಗಳು ಬೆಳೆದು, ಮುಂದಿನ ಸಲ ಹುಟ್ಟಿದ ತಮ್ಮ ತಂಗಿಯರಿಗೆ ಗುಟುಕು ಕೊಡುವುದೂ ಉಂಟು. ಜೊಂಡಿನ ಬುಡದಲ್ಲಿ ಕಣ್ಣಿಟ್ಟು ಕಾದವರ ಭಾಗ್ಯ ಅದು.

ಕಲಿತದ್ದನ್ನು ಹೀಗೆ ಪರೀಕ್ಷಿಸಿಕೊಳ್ಳಿ. ಹಕ್ಕಿ ಬೆನ್ನು ತಿರುಗಿಸುವವರೆಗೆ ಕಾಯಿರಿ, ನಾಮ ಕಾಣದಿರಲಿ. ಬಾಲ ಮೇಲಕ್ಕೆ ಚಿಮ್ಮಿ ಅದರಡಿ ಎರಡು ಬಿಳಿ ಮಚ್ಚೆ ಮಿಂಚಿದರೆ ಮೂರ್‌ಹೆನ್. ಗುಂಡು ಬೆನ್ನು ಒಮ್ಮೆಲೇ ನೀರೊಳಗೆ ಮಾಯವಾದರೆ ನಾಮದ ಕೋಳಿ. ಎಲ್ಲಿ ಮೇಲೇಳುತ್ತದೋ ನೋಡುತ್ತಿರಿ.